ಅಧ್ಯಯನ ಪಾಠ: ಸೇವಾನಿರತ ಆರೋಗ್ಯ ಸಿಬ್ಬಂದಿಯ ನಾಯಕತ್ವ ತರಬೇತಿ ಮತ್ತು ಗ್ರಾಮ ಪಂಚಾಯಿತಿ

ಬಯಲು ಪ್ರದೇಶದಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನಸಂಖ್ಯೆಗೆ ಒಂದು ಆರೋಗ್ಯ ಉಪಕೇಂದ್ರವಿರಬೇಕೆಂಬುದು ಮಾನದಂಡ. ಆಯುಷ್ಮಾನ್ ಆರೋಗ್ಯ ಮಂದಿರವಾಗಿ ಮೇಲ್ದರ್ಜೆಗೇರಿದ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯೇ ತಂಡದ ಮುಖ್ಯಸ್ಥರು. ಆಶಾ ಕಾರ್ಯಕರ್ತೆಯರನ್ನೂ ಇತರ ಸಿಬ್ಬಂದಿಯನ್ನೂ ಮುನ್ನಡೆಸುವುದು, ಔಷಧ ದಾಸ್ತಾನು ಮತ್ತು ಅನುದಾನದ ಲೆಕ್ಕ ಇವರ ಹೊಣೆ. ರೋಗಿಯ ಆರೈಕೆ ಬಲ್ಲವರಿಗೆ ತಂಡದ ನಿರ್ವಹಣೆ ತಾನಾಗಿ ಬರುವುದಿಲ್ಲ. ಆದ್ದರಿಂದಲೇ ಸೇವೆಯಲ್ಲಿರುವಾಗಲೇ ನಾಯಕತ್ವ ತರಬೇತಿ ಅಗತ್ಯ.

ಉದಾಹರಣೆಗೆ, 20 ಗರ್ಭಿಣಿಯರ ಪೈಕಿ 12 ಮಂದಿಗೆ ಮಾತ್ರ ರಕ್ತಪರೀಕ್ಷೆ ಆಗಿದೆ ಎಂದು ಭಾವಿಸಿದರೆ, ವರದಿ ಬರೆಯುವವರು ‘ಶೇ. 60 ಪ್ರಗತಿ’ ಎಂದು ನಿಲ್ಲಿಸುತ್ತಾರೆ. ತಂಡ ನಡೆಸುವವರು ಉಳಿದ 8 ಮಂದಿ ಯಾವ ಹಟ್ಟಿಯವರು, ಬಾರದಿರಲು ಕಾರಣವೇನು ಎಂದು ಕೇಳುತ್ತಾರೆ. ಕಾರಣ ಕೂಲಿಯ ವೇಳೆಯಾದರೆ ಪರೀಕ್ಷೆಯ ವೇಳೆ ಬದಲಾಗಬೇಕು. ಕೆಟ್ಟ ರಸ್ತೆಯಾದರೆ ಪರಿಹಾರ ಪಂಚಾಯಿತಿಯ ಕೈಯಲ್ಲಿದೆ.

ಕಲಿತದ್ದು ಬಳಕೆಗೆ ಬರುವ ವೇದಿಕೆ ಜನ ಆರೋಗ್ಯ ಸಮಿತಿ. ಉಪಕೇಂದ್ರ ಮಟ್ಟದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಇದರ ಅಧ್ಯಕ್ಷರು. ಸಮುದಾಯ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಸಭೆ ಸೇರದೆ ನಡಾವಳಿಗೆ ಸಹಿ ಮಾತ್ರ ಬಿದ್ದರೆ, ತರಬೇತಿಯೂ ಕಡತದಲ್ಲಿಯೇ ಉಳಿಯುತ್ತದೆ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು:

1. ತರಬೇತಿಯ ದಿನಾಂಕಗಳನ್ನು ಮುಂಚಿತವಾಗಿ ತಿಳಿದು, ಬದಲಿ ವ್ಯವಸ್ಥೆಯನ್ನು ವೈದ್ಯಾಧಿಕಾರಿಯವರೊಂದಿಗೆ ಖಚಿತಪಡಿಸಿಕೊಳ್ಳುವುದು. ಕೇಂದ್ರಕ್ಕೆ ಬೀಗ ಬೀಳಬಾರದು.

2. ಅಧಿಕಾರಿ ಹಿಂದಿರುಗಿದ ನಂತರದ ಮೊದಲ ಸಭೆಯಲ್ಲಿ ಒಂದು ಕೊರತೆಯನ್ನು ಆಯ್ದು, ಹೊಣೆ ಮತ್ತು ಗಡುವನ್ನು ನಡಾವಳಿಯಲ್ಲಿ ದಾಖಲಿಸುವುದು.

3. ಮುಂದಿನ ಸಭೆಯಲ್ಲಿ ಅದರ ಅನುಪಾಲನಾ ವರದಿ ಪಡೆಯುವುದು.

ಚರ್ಚೆಗೆ: ತಮ್ಮ ಉಪಕೇಂದ್ರದ ಜನ ಆರೋಗ್ಯ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ? ಅಂದಿನ ಯಾವ ನಿರ್ಣಯ ಇಂದಿಗೂ ಬಾಕಿಯಿದೆ?