ಉಂಡದ್ದು ರಕ್ತವಾಗಬೇಕಾದರೆ

ಮನೆಯ ಹೆಣ್ಣುಮಗಳು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ನಿಂತಲ್ಲಿಯೇ ತಲೆ ಸುತ್ತಿದರೆ, ಅದನ್ನು ನಾವು ಆಲಸ್ಯವೆಂದು ಬಗೆದು ಸುಮ್ಮನಾಗುತ್ತೇವೆ. ಅನೇಕ ವೇಳೆ ಅದು ರಕ್ತಹೀನತೆಯ ಲಕ್ಷಣವಾಗಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಕಾರಣಗಳು ಹಲವಾದರೂ ಕಬ್ಬಿಣಾಂಶದ ಕೊರತೆ ಅವುಗಳಲ್ಲಿ ಮುಖ್ಯವಾದುದು.

ಕಬ್ಬಿಣಾಂಶವಿಲ್ಲದೆ ಹಿಮೋಗ್ಲೋಬಿನ್ ಉತ್ಪತ್ತಿಯಾಗದು. ಹಿಮೋಗ್ಲೋಬಿನ್ ಕುಗ್ಗಿದರೆ ಅಂಗಾಂಗಗಳಿಗೆ ಆಮ್ಲಜನಕ ಸಾಲದು. ಋತುಸ್ರಾವ, ಗರ್ಭಧಾರಣೆ, ಹೆರಿಗೆಗಳಿಂದ ಸ್ತ್ರೀಯರಲ್ಲಿ ಈ ಅಂಶದ ವ್ಯಯ ಅಧಿಕ. ಆದುದರಿಂದಲೇ ದಿನವೊಂದಕ್ಕೆ ಪುರುಷರಿಗೆ 19 ಮಿ.ಗ್ರಾಂ, ಸ್ತ್ರೀಯರಿಗೆ 29 ಮಿ.ಗ್ರಾಂ ಕಬ್ಬಿಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿತು.

ಸಸ್ಯಾಹಾರಿಗಳಾದ ನಾವು ಅರಿಯಬೇಕಾದ ಸಂಗತಿಯೊಂದಿದೆ. ಕಾಳು, ಸೊಪ್ಪು, ಎಳ್ಳು, ಗುರೆಳ್ಳುಗಳಲ್ಲಿ ಕಬ್ಬಿಣಾಂಶವಿದ್ದರೂ ದೇಹ ಹೀರಿಕೊಳ್ಳುವುದು ಅದರ ಅಲ್ಪಭಾಗವನ್ನು ಮಾತ್ರ. ಊಟದೊಡನೆ ನಿಂಬೆರಸ, ನೆಲ್ಲಿಕಾಯಿ ಅಥವಾ ಪೇರಲ ಹಣ್ಣು ಇದ್ದರೆ ಹೀರಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿ ಅದನ್ನು ತಡೆಯುತ್ತವೆ; ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಕಾಳನ್ನು ಮೊಳಕೆ ಬರಿಸಿ ಬಳಸುವುದು ಇನ್ನೂ ಹಿತಕರ.

ಆದರೆ ಕೊರತೆ ಒಮ್ಮೆ ಬೇರೂರಿದ ಮೇಲೆ ಆಹಾರವೊಂದೇ ಸಾಲದು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರನ್ನು ಕಾಣಬೇಕು. ಅತಿಯಾದ ಋತುಸ್ರಾವವಿದ್ದರೆ ಸಂಕೋಚಪಡದೆ ತಿಳಿಸಬೇಕು. ಮೂಲವನ್ನು ಸರಿಪಡಿಸದೆ ಬರಿಯ ಮಾತ್ರೆ ನುಂಗಿದರೆ ಸಾಲದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಅವುಗಳನ್ನು ಹಾಲು, ಚಹಾ, ಸುಣ್ಣಾಂಶದ ಮಾತ್ರೆಗಳೊಡನೆ ಸೇವಿಸಬಾರದು. ಮಲ ಕಪ್ಪಾದುದನ್ನು ಕಂಡು ಹೆದರಿ ಮಾತ್ರೆ ಬಿಡುವವರುಂಟು. ಈ ಮಾತ್ರೆಗಳಿಂದ ಬಣ್ಣ ಹಾಗಾಗುವುದು ಸಹಜ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ಸೇವಿಸಬಹುದು. ಹಿಮೋಗ್ಲೋಬಿನ್ ಸರಿಯಾದ ಬಳಿಕವೂ ದೇಹದ ಸಂಗ್ರಹ ತುಂಬಲು ಸುಮಾರು ಮೂರು ತಿಂಗಳು ಬೇಕು. ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು.

ಕೊನೆಯದಾಗಿ ಒಂದು ಮಾತು. ಮಠದ ಪ್ರಸಾದಕ್ಕೆ ನಾವೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತೇವೆ. ಮನೆಯಲ್ಲಿ ಮಾತ್ರ ಬಡಿಸಿದವಳು ಎಲ್ಲರ ಊಟವಾದ ಮೇಲೆ, ಪಲ್ಯ ಬರಿದಾದ ಪಾತ್ರೆಯ ಮುಂದೆ ಕುಳಿತುಕೊಳ್ಳುತ್ತಾಳೆ. ಅವಳ ತಟ್ಟೆಗೂ ಕಾಳು, ಸೊಪ್ಪು, ನಿಂಬೆಹೋಳು ಮೊದಲೇ ಬೀಳುವಂತೆ ನೋಡಿಕೊಳ್ಳುವುದು ಮನೆಮಂದಿಯೆಲ್ಲರ ಕರ್ತವ್ಯ.