ರೋಗಿಯ ಜೊತೆಗೆ ಮನೆಯವರೂ

ಹೃದಯ ವೈಫಲ್ಯ ಎಂದು ವೈದ್ಯರು ಹೇಳಿದಾಗ, ಹೃದಯ ನಿಂತೇಹೋಗುತ್ತದೆ ಎಂದು ನಾವು ಹೆದರುತ್ತೇವೆ. ಅದರ ಅರ್ಥ ಹಾಗಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪು ಮಾಡುವ ಶಕ್ತಿ ಹೃದಯಕ್ಕೆ ಸಾಲದಾಗಿದೆ. ಆದ್ದರಿಂದ ಕಾಲುಗಳಲ್ಲಿ, ಹೊಟ್ಟೆಯಲ್ಲಿ, ಶ್ವಾಸಕೋಶಗಳಲ್ಲಿ ನೀರು ಸೇರುತ್ತದೆ. ಇದನ್ನು ಮೊದಲು ಗುರುತಿಸಬಲ್ಲವರು ಮನೆಯವರೇ.

ದಿನಾಲೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ರೋಗಿಯ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯೋಣ. 3 ದಿನಗಳಲ್ಲಿ 2 ಕಿಲೋಗಿಂತ ಹೆಚ್ಚಾದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ತುಂಬಿದ್ದಿರಬಹುದು. ಅಂದೇ ವೈದ್ಯರಿಗೆ ತಿಳಿಸಬೇಕು. ಒಂದೇ ದಿಂಬಿನಲ್ಲಿ ಮಲಗುತ್ತಿದ್ದ ಅಮ್ಮ ಮೂರು ದಿಂಬು ಕೇಳಿದರೆ ‘ವಯಸ್ಸಾಯಿತು’ ಎಂದು ತಳ್ಳಿಹಾಕಬಾರದು. ಕುಳಿತಲ್ಲೇ ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು.

ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು, ಹಪ್ಪಳ ನಮ್ಮ ನಾಲಿಗೆಗೆ ಹತ್ತಿದ ರುಚಿ. ಆದರೆ ಉಪ್ಪು ನೀರನ್ನು ಹಿಡಿದಿಡುತ್ತದೆ. ರೋಗಿಗೊಬ್ಬರಿಗೆ ಸಪ್ಪೆ ಬಡಿಸಿ, ಅವರೆದುರೇ ನಾವು ಒಣಮೀನು ತಿನ್ನುವುದು ಸರಿಯೇ? ಮನೆಮಂದಿಯೆಲ್ಲ ಉಪ್ಪು ಇಳಿಸೋಣ. ಲಿಂಬೆ, ಶುಂಠಿ, ಕರಿಬೇವು ರುಚಿ ಕೊಡುತ್ತವೆ. ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ಮಾತ್ರೆ ತಂದುಕೊಡಬಾರದು. ಅದೂ ನೀರು ಕಟ್ಟಿಸುತ್ತದೆ. ಉಸಿರು ಹಗುರವಾಯಿತೆಂದು ಔಷಧ ನಿಲ್ಲಿಸಲೂಬಾರದು.

ಇದೆಲ್ಲ ಹೆಚ್ಚಾಗಿ ಒಬ್ಬ ಸೊಸೆಯ ಅಥವಾ ಮಗಳ ಹೆಗಲಿಗೇ ಬೀಳುತ್ತದೆ. ರಾತ್ರಿ ಅವಳಿಗೂ ನಿದ್ದೆಯಿಲ್ಲ. ಗಲ್ಫಿನಲ್ಲಿರುವ ಅಣ್ಣ ಫೋನಿನಲ್ಲಿ ‘ಅಮ್ಮ ಹೇಗಿದ್ದಾರೆ?’ ಎಂದು ಕೇಳಿದ ಮೇಲೆ ‘ನೀನು ಹೇಗಿದ್ದೀ?’ ಎಂದೂ ಕೇಳಲಿ. ಊರಿನಲ್ಲಿರುವವರು ವಾರಕ್ಕೊಂದು ಮಧ್ಯಾಹ್ನ ರೋಗಿಯ ಬಳಿ ಕೂರಲಿ. ನೋಡಲು ಹೋಗುವಾಗ ಬಿಸ್ಕತ್ತು ಒಯ್ಯುವ ನೆರೆಯವರಾದ ನಾವು, ಅವಳಿಗೆ ಎರಡು ಗಂಟೆಯ ಬಿಡುವನ್ನೂ ಕೊಟ್ಟು ಬರೋಣ.