ತೆಳು ತಗಡಿನ ಬೆಸುಗೆ: ಕಾರಿನ ಬಾಗಿಲು ಸೊಟ್ಟಗಾಗದಂತೆ

ಕಡಲ ಗಾಳಿ ಬೀಸುವ ಮುಂಬಯಿ, ಚೆನ್ನೈಗಳಂತಹ ನಗರಗಳಲ್ಲಿ ಹಳೆಯ ಕಾರುಗಳ ಬಾಗಿಲಿನ ಕೆಳ ಅಂಚಿಗೆ ಬೇಗನೆ ತುಕ್ಕು ಹಿಡಿಯುತ್ತದೆ. ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡಿನ ತೇಪೆಯನ್ನು ಬೆಸೆಯುವುದು ಟಿಂಕರಿಂಗ್ ಕೆಲಸಗಾರರಿಗೆ ಹೊಸದೇನಲ್ಲ. ಆದರೆ ಬೆಸುಗೆ ಮುಗಿಯುವ ವೇಳೆಗೆ, ಅದುವರೆಗೆ ನೇರವಾಗಿದ್ದ ಬಾಗಿಲು ಅಲೆಅಲೆಯಾಗಿರುವುದನ್ನು ಕಂಡು ಕೈಚೆಲ್ಲುವವರೂ ಉಂಟು. ಅಂಗೈಯಗಲದ ತುಕ್ಕನ್ನು ತೆಗೆಯಲು ಹೋಗಿ ಇಡೀ ಹೊರತಗಡನ್ನೇ ಬದಲಿಸಬೇಕಾಗಿ ಬಂದರೆ, ಸಣ್ಣ ಗ್ಯಾರೇಜಿನವನ ವಾರದ ದುಡಿಮೆ ಅದಕ್ಕೇ ಸರಿಹೋಗುತ್ತದೆ.

ಕಾವಿನಿಂದ ತಗಡು ಹಿಗ್ಗಿ ಉಬ್ಬಿತೆಂದು ಬಹುಮಂದಿ ಭಾವಿಸುತ್ತಾರೆ. ಇದು ಅರ್ಧ ಸತ್ಯ ಮಾತ್ರ. ಹತ್ತು ಸೆಂಟಿಮೀಟರ್ ಉದ್ದದ ಉಕ್ಕಿನ ಪಟ್ಟಿಯ ಉಷ್ಣತೆ 500 ಡಿಗ್ರಿಯಷ್ಟು ಏರಿದರೆ ಅದು ಸುಮಾರು 0.6 ಮಿಲಿಮೀಟರ್ ಹಿಗ್ಗುತ್ತದೆ. ಕಾರಿನ ಹೊರತಗಡಿನ ದಪ್ಪವೇ ಸಾಮಾನ್ಯವಾಗಿ 0.7 ಅಥವಾ 0.8 ಮಿಲಿಮೀಟರ್! ಹಿಗ್ಗಲು ಹೊರಟ ಬಿಸಿ ಭಾಗವನ್ನು ಸುತ್ತಲಿನ ತಣ್ಣನೆಯ ತಗಡು ತಡೆಯುತ್ತದೆ. ಕಾದು ಮೆತ್ತಗಾದ ಲೋಹವು ಬೇರೆ ದಾರಿಯಿಲ್ಲದೆ ಅಲ್ಲಿಯೇ ಒತ್ತಿಕೊಂಡು ದಪ್ಪವಾಗುತ್ತದೆ. ಆರುವಾಗ ಕುಗ್ಗಿದಾಗ ಅದು ಮೊದಲಿಗಿಂತಲೂ ಗಿಡ್ಡವಾಗುತ್ತದೆ. ಹೊಲಿಗೆಯ ದಾರವನ್ನು ಬಿಗಿಯಾಗಿ ಎಳೆದಾಗ ಬಟ್ಟೆ ನಿರಿಗೆಗಟ್ಟುವಂತೆ, ಬೆಸುಗೆಯ ಗೆರೆ ಸುತ್ತಲ ತಗಡನ್ನು ಸೆಳೆದು ಸುಕ್ಕಾಗಿಸುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಉಷ್ಣವಿರೂಪವೆಂದು ಹೆಸರು; ತಗಡು 'ಎಳೆದುಕೊಂಡಿದೆ' ಎಂಬ ಆಡುಮಾತೇ ನಡೆದುದಕ್ಕೆ ಹೆಚ್ಚು ಹತ್ತಿರವಾದುದು.

ಹಾಗಾದರೆ ಮಾಡಬೇಕಾದುದೇನು? ಬಾಗಿಲಿನ ನಟ್ಟನಡುವಿನ ಸಮತಟ್ಟು ಭಾಗ ಬೇಗ ಸೊಟ್ಟಗಾಗುತ್ತದೆ. ಮಡಿಕೆ ಅಥವಾ ತಿರುವು ಇರುವೆಡೆ ತಗಡು ಗಟ್ಟಿಯಾಗಿರುತ್ತದೆ. ಸಾಧ್ಯವಾದಷ್ಟು ಅಂತಹ ಜಾಗದ ಸಮೀಪದಲ್ಲೇ ಕತ್ತರಿಸಬೇಕು. ತೇಪೆ ಹಳೆಯ ತಗಡಿನಷ್ಟೇ ದಪ್ಪವಿದ್ದು, ಅಂಚಿಗೆ ಅಂಚು ಸರಿಯಾಗಿ ಕೂಡಬೇಕು. ಬಿರುಕು ಅಗಲವಾದಷ್ಟೂ ತುಂಬಬೇಕಾದ ಲೋಹ ಹೆಚ್ಚು, ಕಾವೂ ಹೆಚ್ಚು. ಕಾವನ್ನು ವಿಶಾಲವಾಗಿ ಹರಡುವ ಗ್ಯಾಸ್ ವೆಲ್ಡಿಂಗ್‌ಗಿಂತ 0.6 ಅಥವಾ 0.8 ಮಿಲಿಮೀಟರ್ ತಂತಿಯ ಸಿ.ಓ.ಟೂ ವೆಲ್ಡಿಂಗ್ ಈ ಕೆಲಸಕ್ಕೆ ಮೇಲು.

ಗೆರೆಯೆಳೆದಂತೆ ಒಂದೇ ಸಮನೆ ಬೆಸೆಯುತ್ತ ಹೋಗಲೇಬಾರದು. ಮೊದಲು ಎರಡು ತುದಿಗಳಲ್ಲಿ ಒಂದೊಂದು ಚುಕ್ಕೆ, ಅನಂತರ ನಡುವೆ ಒಂದು, ಆಮೇಲೆ ಉಳಿದ ಅಂತರಗಳ ನಡುವೆ ಒಂದೊಂದು. ಹೀಗೆ ಚುಕ್ಕೆಗಳ ನಡುವಿನ ಅಂತರ ಸುಮಾರು 25 ಮಿಲಿಮೀಟರಿಗೆ ಇಳಿಯುವವರೆಗೆ ಮುಂದುವರಿಸಬೇಕು. ಉಳಿದ ಜಾಗವನ್ನೂ ಅತ್ತೊಂದು ಇತ್ತೊಂದು ಚುಕ್ಕೆಯಿಟ್ಟೇ ತುಂಬಬೇಕು. ಹಿಂದಿನ ಚುಕ್ಕೆ ಆರಿದ ಮೇಲೆಯೇ ಅದರ ಪಕ್ಕದಲ್ಲಿ ಇನ್ನೊಂದು. ಗಿರಾಕಿ ಬಾಗಿಲಲ್ಲಿ ಕಾಯುತ್ತಿರುವಾಗ ಇದೇ ಅತಿ ಕಷ್ಟದ ಭಾಗ. ಬೇಗ ಆರಲೆಂದು ಒದ್ದೆ ಬಟ್ಟೆ ಒತ್ತುವ ರೂಢಿಯೂ ಉಂಟು. ಆದರೆ ಸಂದಿಯಲ್ಲಿ ತೇವ ಉಳಿದರೆ ಮುಂದಿನ ಬೆಸುಗೆಯಲ್ಲಿ ಸಣ್ಣ ರಂಧ್ರಗಳು ಬೀಳುತ್ತವೆ.

ಇಷ್ಟಾದರೂ ತಗಡು ಅಲ್ಪಸ್ವಲ್ಪ ಕುಗ್ಗಿಯೇ ತೀರುತ್ತದೆ. ಅದನ್ನು ಮತ್ತೆ ಹಿಗ್ಗಿಸುವುದು ಸುತ್ತಿಗೆಯ ಕೆಲಸ. ಉಬ್ಬಿದ ಬೆಸುಗೆಯನ್ನು ಸ್ವಲ್ಪ ಉಜ್ಜಿ, ಹಿಂಬದಿಗೆ ಡಾಲಿ ಕೊಟ್ಟು, ಬೆಸುಗೆಯ ಮೇಲೆಯೇ ಹಗುರವಾಗಿ ತಟ್ಟಬೇಕು. ಪಕ್ಕದ ತಗಡನ್ನು ಬಡಿದರೆ ಸರಿಯಿದ್ದುದೂ ಹಿಗ್ಗಿ ಉಬ್ಬು ಏಳುತ್ತದೆ. ಗ್ರೈಂಡರನ್ನೂ ಒಂದೇ ಕಡೆ ಒತ್ತಿ ಹಿಡಿಯಬಾರದು. ತಗಡು ನೀಲಿಗೆ ತಿರುಗಿತೆಂದರೆ ಅದು ಸುಮಾರು 300 ಡಿಗ್ರಿಗೆ ಕಾದಿದೆ. ಬೆಸುಗೆಯಲ್ಲಿ ತಪ್ಪಿಸಿದ ದೋಷ ಇಲ್ಲಿ ಬಂದು ಸೇರುತ್ತದೆ. ಸೊಟ್ಟವನ್ನು ದಪ್ಪ ಪುಟ್ಟಿಯಿಂದ ಮರೆಸಿದರೆ ಅದು ಕಾಲಕ್ರಮದಲ್ಲಿ ಬಿರಿದು, ಒಳಗೆ ನೀರು ನಿಲ್ಲುತ್ತದೆ.

ಕೆಲಸಕ್ಕೆ ಮುನ್ನ ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಪೆಟ್ರೋಲ್ ಟ್ಯಾಂಕಿನ ಬಳಿ ಬೆಸೆಯಕೂಡದು. ಸತುವಿನ ಲೇಪವಿದ್ದರೆ ಕೆರೆದು ತೆಗೆಯಬೇಕು. ಅದರ ಹೊಗೆಯಿಂದ ಜ್ವರ ಬರುತ್ತದೆ. ಇಲ್ಲಿ ಹೇಳಿದ ವಿಧಾನ ಹೊರತಗಡಿಗೆ ಮಾತ್ರ. ಈಚಿನ ಕಾರುಗಳ ಬಾಗಿಲ ಕಂಬಗಳಲ್ಲಿ ಬಳಸುವ ಅಧಿಕ ಬಲದ ಉಕ್ಕು ಕಾವಿನಿಂದ ಬಲಗುಂದುವುದರಿಂದ, ಅಲ್ಲಿ ತಯಾರಕರ ಸೂಚನೆಯನ್ನೇ ಅನುಸರಿಸತಕ್ಕದ್ದು.

ಕೊನೆಗೆ ಬೆಸುಗೆಯ ಹಿಂಬದಿಗೂ ಬಣ್ಣ ಬಳಿದು, ಬಾಗಿಲಿನ ಕೆಳ ಅಂಚಿನಲ್ಲಿರುವ ನೀರಿಳಿಯುವ ರಂಧ್ರಗಳ ಕೆಸರನ್ನು ತೆಗೆಯಬೇಕು. ಬಣ್ಣ ಒಣಗಿದ ಮೇಲೆ ಕಿಟಕಿಯ ಗಾಜಿನ ಸಂದಿಯಲ್ಲಿ ಒಂದು ಲೋಟ ನೀರು ಸುರಿದು, ಅದು ಕೆಳಗೆ ಸಲೀಸಾಗಿ ಇಳಿದುಬರುವುದನ್ನು ನೋಡಿಯೇ ಗಾಡಿಯನ್ನು ಒಪ್ಪಿಸುವುದು ಒಳ್ಳೆಯದು.